ನಮ್ಮವರು ಯಾರೂ ಇಲ್ಲದ ಕಡಲತೀರ

ಟ್ರಾವೆಲ್ ಏಜೆನ್ಸಿ ಕೆಲಸದಲ್ಲಿ ಇಂಥ ಫಜೀತಿ ತಪ್ಪಿದ್ದಲ್ಲ. ಬೇರೆಯವರು ಆಮೇಲೆ ನಗುತ್ತಾರೆ, ನಾನು ಮೊದಲು ಬೆವರುತ್ತೇನೆ. ಎಲ್ಲರೂ ಫೋನಿನಲ್ಲೇ ಟಿಕೆಟ್ ತೆಗೆಯತೊಡಗಿದ ಮೇಲೆ ಸ್ಯಾನ್ ಡಿಯೇಗೋದ ಕರ್ನಿ ಮೆಸಾ ಬಡಾವಣೆಯ ನಮ್ಮ ಆಫೀಸಿಗೆ ಬರುವವರೇ ಕಡಿಮೆ. "ಇನ್ನೊಂದು ಕಂಪ್ಲೇಂಟ್ ಬಂದರೆ ನೀನು ಮನೆಗೆ," ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಅಲ್ಲೇನಿದೆ?

ಎರಡು ಗಂಟೆ ದೂರದ ಟೊರೆನ್ಸ್ ಊರಿನಿಂದ ಕನ್ನಡದವರೇ ಆದ ಒಬ್ಬ ರಿಟೈರ್ಡ್ ಅಂಕಲ್, ಆಂಟಿ ಬಂದರು. ನಾನು ಫ್ರಾನ್ಸಿನ ಬ್ರಿಟನಿ ಕಡಲತೀರದ ಫೋಟೋ ತೋರಿಸಿದೆ.

"ಅಲ್ಲೇನಿದೆಯಪ್ಪ ನೋಡೋಕೆ?"

"ಏನೂ ಇಲ್ಲ ಅಂಕಲ್, ಅದೇ ವಿಶೇಷ. ಹಳೇ ಕಲ್ಲಿನ ಮನೆ, ಮೀನುದೋಣಿ. ಮಧ್ಯಾಹ್ನ ಅಂಗಡಿಗಳೂ ಬಾಗಿಲು ಹಾಕ್ಕೊಂಡಿರ್ತವೆ."

ಅಂಕಲ್ ಮುಖ ಸಿಂಡರಿಸಿದರು. ವ್ಯಾಪಾರ ಕೈತಪ್ಪಿತೆಂದು ಬೇರೆ ಊರಿನ ಫೋಟೋ ಹುಡುಕತೊಡಗಿದೆ.

ಆಂಟಿ ಹೇಳಿದರು: "ಬುಕ್ ಮಾಡಪ್ಪ. ಇವರು ಮನೇಲಿ ಏನೂ ಮಾಡದೆ ಕೂತಿರ್ತಾರಲ್ಲ, ಅಲ್ಲಿ ಹೋಗಿ ಕೂತ್ಕೊಳ್ಳಲಿ. ನಂಗಾದ್ರೂ ಒಂದು ಊರು ನೋಡಿದ ಹಾಗಾಗುತ್ತೆ."

ಸಮುದ್ರ ಕಾಣೆ

ಅವರು ಅಲ್ಲಿ ತಲುಪಿದ ಮಾರನೆಯ ದಿನವೇ ಅಂಕಲ್ ಫೋನ್.

"ಸಮುದ್ರ ಎಲ್ಲಪ್ಪ?"

"ನಿಮ್ಮೆದುರಿಗೇ ಇರಬೇಕಲ್ಲ ಅಂಕಲ್?"

"ಊಟಕ್ಕೆ ಮುಂಚೆ ಇತ್ತು. ಮಲಗೆದ್ದು ನೋಡಿದ್ರೆ ಇಲ್ಲ. ದೋಣಿಗಳೆಲ್ಲ ಕೆಸರಲ್ಲಿ ಬಿದ್ದಿವೆ."

ಸುನಾಮಿಗೆ ಮುಂಚೆ ಸಮುದ್ರ ಹಿಂದೆ ಸರಿಯುತ್ತದೆಂದು ಕೇಳಿದ್ದೆ. "ಓಡಿ ಅಂಕಲ್! ಗುಡ್ಡ ಹತ್ತಿ!" ಎಂದು ಕಿರುಚಿದೆ.

ಆಮೇಲೆ ಹೋಟೆಲಿನ ಒಡತಿಗೆ ಫೋನ್ ಮಾಡಿದೆ. ಅಲ್ಲಿ ಸಮುದ್ರ ದಿನಾ ಎರಡು ಸಲ ಹಾಗೆ ದೂರ ಹೋಗಿ ಬರುತ್ತದಂತೆ. ಮತ್ತೆ ಅಂಕಲ್‌ಗೆ ಫೋನ್ ಮಾಡಿ ತಪ್ಪಾಯಿತೆಂದೆ. ಏದುಸಿರು ಬಿಡುತ್ತಿದ್ದರು.

"ನಿಮ್ಮ ಆಂಟಿಗೆ ಮಂಡಿನೋವು ಅಂತ ವರ್ಷಗಟ್ಟಲೆ ತರಕಾರಿ ನಾನೇ ಹೊತ್ತು ತಂದಿದೀನಿ ಕಣಯ್ಯ. ಈಗ ನನಗಿಂತ ಮುಂಚೆ ಗುಡ್ಡದ ಮೇಲಿದಾಳೆ!"

ಗುಟ್ಟು

ಊರಿಗೆ ಮರಳಿದ ಅಂಕಲ್ ನೇರವಾಗಿ ಆಫೀಸಿಗೇ ಬಂದರು. ನನ್ನ ಕೆಲಸ ಹೋಯಿತೆಂದುಕೊಂಡೆ.

"ಸ್ವರ್ಗ ಕಣಯ್ಯ! 'ಮಗಂಗೆ ಗ್ರೀನ್ ಕಾರ್ಡ್ ಬಂತಾ' ಅಂತ ಒಬ್ಬರೂ ಕೇಳಲಿಲ್ಲ. ಮುಂದಿನ ಬೇಸಿಗೆಗೂ ಬುಕ್ ಮಾಡು. ಆದ್ರೆ ನಮ್ಮವರು ಯಾರೂ ಇರಬಾರದು."

ಗುಟ್ಟು ಹೇಗೋ ಹೊರಬಿದ್ದಿತ್ತು; ಸ್ಯಾನ್ ಡಿಯೇಗೋದ ಎರಡು ಕನ್ನಡ ಕುಟುಂಬಗಳೂ ಬಂದು ಅದೇ ಊರು, ಅದೇ ವಾರ, ಅದೇ ಷರತ್ತು ಹೇಳಿದವು. ಅಲ್ಲಿದ್ದದ್ದು ಒಂದೇ ಹೋಟೆಲು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಎಲ್ಲರಿಗೂ "ಆಯ್ತು" ಎಂದೆ.

ಬೇಸಿಗೆಯಲ್ಲಿ ಅವರೆಲ್ಲ ಹೋದ ವಾರ, ಮಾಲೀಕರಿಗಿಂತ ಮುಂಚೆ ಪ್ರತಿ ಫೋನನ್ನೂ ನಾನೇ ಎತ್ತುತ್ತಿದ್ದೆ. ಕೊನೆಗೆ ಅಂಕಲ್ ಫೋನ್ ಬಂದೇ ಬಂತು. ಮೂರೂ ಕುಟುಂಬಗಳು ಒಬ್ಬರನ್ನೊಬ್ಬರು ದೂರದಿಂದಲೇ ಕಂಡು, ರೂಮು ಸೇರಿ ಬಾಗಿಲು ಹಾಕಿಕೊಂಡಿದ್ದವಂತೆ. ಎರಡು ದಿನ ಬರೀ ಬ್ರೆಡ್ಡು. ಮೂರನೆಯ ದಿನ ಬೆಳಿಗ್ಗೆ ಆಂಟಿ ತಡೆಯಲಾರದೆ, ಒಡತಿಯನ್ನು ಕೇಳಿ ಅಡುಗೆಮನೆಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ್ದಾರೆ. ಆ ಘಮಕ್ಕೆ ಒಂದೊಂದೇ ಬಾಗಿಲು ತೆರೆದಿದೆ. ಎಲ್ಲರ ಕೈಯಲ್ಲೂ ಪೇಪರ್ ಪ್ಲೇಟು.

"ಕ್ಷಮಿಸಿ ಅಂಕಲ್, ದಯವಿಟ್ಟು ಕಂಪ್ಲೇಂಟ್ ಮಾಡಬೇಡಿ," ಎಂದು ಗೋಗರೆದೆ.

"ಕಂಪ್ಲೇಂಟ್ ಯಾಕಯ್ಯ? ಮುಂದಿನ ವರ್ಷಕ್ಕೆ ಇಡೀ ಹೋಟೆಲ್ ಬುಕ್ ಮಾಡು. ಹತ್ತು ಫ್ಯಾಮಿಲಿ ಬರ್ತೀವಿ." ಆಮೇಲೆ ದನಿ ತಗ್ಗಿಸಿದರು: "ಆದ್ರೆ ನೋಡು, ನಮ್ಮವರು ಯಾರೂ ಇರಬಾರದು."