ಸಾಕು ಎಂದರೆ ಸಾಕುವ ಯಂತ್ರ

"ಎದುರುಮನೆ ಟೀಚರು ಈ ಗಿಡಕ್ಕೆ ಹನ್ನೊಂದು ವರ್ಷ ಮಾಡಿದ್ದನ್ನ ಇದು ಹನ್ನೊಂದು ನಿಮಿಷದಲ್ಲಿ ಮಾಡುತ್ತೆ" ಎನ್ನುತ್ತ ತಿರುನಾರಾಯಣ ಯಂತ್ರದ ಮೇಲಿನ ಟವೆಲ್ ಎಳೆದರು.

ಕೂಲರಿನ ಪಂಪು, ಎರಡು ಕೈ, ನಾಲ್ಕು ಚಕ್ರ, ಬೆನ್ನ ಮೇಲೆ ತೆಂಗಿನ ನಾರು ಸುತ್ತಿದ ಆಳೆತ್ತರದ ಕೋಲುಗಳು. ಹೆಂಡತಿ ಪಂಕಜಾಕ್ಷಿ ತಟ್ಟನೆ ಗಿಡದ ಕಡೆ ನೋಡಿದರು. ಹಾಲಿನ ಮೂಲೆಯಲ್ಲಿದ್ದ ಮಾನ್‌ಸ್ಟೆರಾ ಗಿಡ ರುಕ್ಮಿಣಿ ಟೀಚರದು. ವಾರಕ್ಕೊಂದೇ ಲೋಟ ನೀರು, ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂದು ಮೂರು ಸಲ ಹೇಳಿ ಊರಿಗೆ ಹೋಗಿದ್ದರು. ಇವತ್ತು ನಾಲ್ಕಕ್ಕೆ ವಾಪಸು.

"ಸ್ವಿಚ್ಚೇ ಇಲ್ಲ. ಕನ್ನಡದಲ್ಲಿ ಹೇಳಿದ್ರಾಯ್ತು." ತಿರುನಾರಾಯಣ ಯಂತ್ರವನ್ನು ಗಿಡದ ಮುಂದೆ ತಳ್ಳಿ ಹೇಳಿದರು, "ಸಾಕು."

ಯಂತ್ರ ಒಂದು ಲೋಟ ನೀರು ಸುರಿದು, ಒದ್ದೆ ಬಟ್ಟೆಯಿಂದ ತೂತಿನ ಎಲೆಗಳನ್ನು ನಯವಾಗಿ ಒರೆಸಿತು. ಪಂಕಜಾಕ್ಷಿಗೂ ಉತ್ಸಾಹ ಉಕ್ಕಿತು.

"ಪರವಾಗಿಲ್ವೇ! ಇನ್ನು ಸಾಕು."

ಇನ್ನೊಂದು ಲೋಟ ಬಿತ್ತು.

"ಸಾಕು ಅಂದೆ. ಸಾಕು!"

ಎರಡು ಲೋಟ.

"ಏನ್ರೀ, ಇದಕ್ಕೆ ಕಿವಿ ಕೇಳಲ್ವಾ?"

"ಚೆನ್ನಾಗೇ ಕೇಳುತ್ತೆ ಕಣೇ. ಗಿಡ ಮಗು ಇದ್ದ ಹಾಗೆ. ಅದಕ್ಕೇ ನೀರು ಕೊಡು, ಮೈ ಒರೆಸು ಅಂತೆಲ್ಲ ಹೇಳೋ ಬದಲು ಒಂದೇ ಮಾತು ಕಲಿಸಿದ್ದೀನಿ, ಸಾಕು ಅಂತ."

ಯಂತ್ರ ಅದನ್ನೂ ಅಪ್ಪಣೆಯೆಂದೇ ತಿಳಿದು ಮತ್ತೊಂದು ಲೋಟ ಸುರಿಯಿತು. ಕುಂಡ ತುಂಬಿ ನೆಲಕ್ಕೆ ಹರಿಯಿತು.

"ನಿಲ್ಸು!" ಎಂದು ಪಂಕಜಾಕ್ಷಿ ಕೂಗಿದರು.

ಯಂತ್ರ ಕೋಲೊಂದನ್ನು ಕುಂಡಕ್ಕೆ ನೆಟ್ಟು, ಬಾಗಿದ್ದ ಕಾಂಡವನ್ನು ನೆಟ್ಟಗೆ ನಿಲ್ಲಿಸಿ, ದಾರದಿಂದ ಕಟ್ಟಿತು.

"ಅದಕ್ಕೂ ಅರ್ಥ ಕೊಟ್ಟುಬಿಟ್ಟಿದ್ದೀನಿ" ಎಂದು ತಿರುನಾರಾಯಣ ಮೆತ್ತಗೆ ಹೇಳಿದರು.

"ಮತ್ತೆ ಸುಮ್ಮನಾಗೋದು ಹೇಗೆ?"

"ಬ್ಯಾಟರಿ ಮುಗೀಬೇಕು. ರಾತ್ರಿ ಎಂಟು ಗಂಟೆವರೆಗೂ ಬರುತ್ತೆ." ದನಿಯಲ್ಲಿ ಹೆಮ್ಮೆ ಇನ್ನೂ ಆರಿರಲಿಲ್ಲ.

ಪಂಕಜಾಕ್ಷಿ ಕುಂಡವನ್ನು ಅವಚಿಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿದರು. ನೀರು ಬಸಿದು, ಗಿಡವನ್ನು ಮೆಲ್ಲನೆ ಎತ್ತಿ ನೋಡಿದರು. ಬೇರು ಬೆಳ್ಳಗೆ, ಗಟ್ಟಿಯಾಗಿಯೇ ಇತ್ತು. ಉಸಿರು ಬಂತು. ಹಳೆ ಪೇಪರಿನಲ್ಲಿ ಮಣ್ಣಿನ ತೇವ ಹಿಂಡಿ, ಮತ್ತೆ ಕುಂಡದಲ್ಲಿ ಕೂರಿಸಿದರು.

ಹಾಲಿನಿಂದ "ಸಾಕೋ ಮಾರಾಯ, ಸಾಕು! ನಿಲ್ಸು!" ಎಂಬ ಆರ್ತನಾದ ಕೇಳುತ್ತಲೇ ಇತ್ತು.

ಬಾಗಿಲ ಗಂಟೆ ಸದ್ದಾಯಿತು. ಪಂಕಜಾಕ್ಷಿ ಕುಂಡ ಹಿಡಿದೇ ಹೋಗಿ ತೆರೆದರು. ರುಕ್ಮಿಣಿ ಟೀಚರು ಒಳಬಂದವರೇ ಮಣ್ಣಿಗೆ ಬೆರಳಿಟ್ಟು, ಎಲೆ ಎಣಿಸಿ, ಸರಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಮೂಲೆ ನೋಡಿದರು. ತಿರುನಾರಾಯಣ ತೊಯ್ದು ತೊಪ್ಪೆಯಾಗಿ, ನಾರಿನ ಕೋಲಿಗೆ ಬಿಗಿಸಿಕೊಂಡು ನೆಟ್ಟಗೆ ನಿಂತಿದ್ದರು. ಯಂತ್ರ ಅವರ ಎಡಗಿವಿಯನ್ನು ಹಿಂದೆಮುಂದೆ ಒರೆಸುತ್ತಿತ್ತು.

"ಪಾಪ, ಬಿಚ್ಚಬಾರದೇನ್ರೀ?"

"ಇಪ್ಪತ್ತೆಂಟು ವರ್ಷ ನಾನು ಸಾಕಿದ್ದೀನಿ ಟೀಚರೇ" ಎಂದರು ಪಂಕಜಾಕ್ಷಿ. "ಎಂಟು ಗಂಟೆವರೆಗೆ ಅದು ಸಾಕಲಿ."