ಕೆಂಪು ಬಾಟಲಿ, ಬೋಳು ತಲೆ

ಕಾಯಿಲೆ ಬಿದ್ದವರ ಮನೆಗೆ ನಗು ಕಾಲಿಡಬಾರದು ಅಂತ ಯಾರೂ ಕಾನೂನು ಮಾಡಿಲ್ಲ. ಮಾಡಿದ್ದರೂ ಅದು ಬೆಂಗಳೂರಂಚಿನ ನಮ್ಮ ಬಾಗಲಗುಂಟೆಯವರೆಗೆ ಬಂದು ಮುಟ್ಟಿರಲಿಲ್ಲ. ಎಂಬತ್ತರ ದಶಕದ ಮಾತು. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನನ್ನ ಕೆಲಸ. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ ಹಾಕುವುದು. ಒಂದು ದಿನ ಕತ್ತಿನಲ್ಲಿ ಗಂಟು ಕಾಣಿಸಿಕೊಂಡು, ಡಾಕ್ಟರು ನನ್ನನ್ನೇ ಅಳೆದು ಆ ಕಡೆ ಹಾಕಿಬಿಟ್ಟರು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ನರಕ್ಕೆ ಔಷಧಿ ಹತ್ತಿಸಿಕೊಳ್ಳಬೇಕು ಅಂತಾಯಿತು. ಅದಕ್ಕೆ ಕೀಮೋಥೆರಪಿ ಅಂತ ಹೆಸರು. ನಮ್ಮ ಮನೆಯಲ್ಲಿ ಆ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ, ಎಲ್ಲರೂ ‘ಬಾಟ್ಲಿ’ ಅನ್ನುತ್ತಿದ್ದರು. “ಇವ್ರಿಗೆ ನಾಳೆ ಬಾಟ್ಲಿ ಇದೆ ಕಣ್ರೀ” ಅಂತ ನನ್ನ ಹೆಂಡತಿ ಕಾಂಪೌಂಡಿನಾಚೆ ಕೂಗಿ ಹೇಳಿದಾಗ, ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನಮ್ಮ ಮನೆಯನ್ನು ನೋಡಿಕೊಂಡು ಹೋಗುತ್ತಿದ್ದರು.

‘ಅದು’

ಆಗೆಲ್ಲ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಎಲ್ಲಿ ಹೇಳಿದವರ ನಾಲಿಗೆಗೇ ಅಂಟಿಕೊಳ್ಳುತ್ತದೋ ಅನ್ನುವ ಭಯ. ನಾನೂ ಅಷ್ಟೇ. ರಜೆ ಕೇಳಲು ಸೂಪರ್‌ವೈಸರ್ ಹತ್ತಿರ ಹೋದಾಗ, ಗಂಟು ಕಾಣದ ಹಾಗೆ ಕಾಲರ್ ಮೇಲಕ್ಕೆಳೆದುಕೊಂಡು ನಿಂತೆ.

“ಏನಯ್ಯಾ ಆಸ್ಪತ್ರೆ ಆಸ್ಪತ್ರೆ ಅಂತ ಓಡಾಡ್ತಿದ್ದೀಯ?”

“ಗಂಟಾಗಿದೆ ಸಾರ್. ಅದೇ...”

“ಅದಾ?” ಅವರು ದನಿ ತಗ್ಗಿಸಿದರು.

“ಹೌದು ಸಾರ್. ಅದೇ.”

“ಅಯ್ಯೋ ಪಾಪ. ನಮ್ ಮಾವನಿಗೂ ಅದೇ ಆಗಿತ್ತು ಕಣಯ್ಯಾ. ತುಂಬಾ ಒದ್ದಾಡಿಬಿಟ್ರು. ಈಗ ಆರಾಮಾಗಿದಾರೆ.”

ನನಗೆ ಹೋದ ಜೀವ ಬಂದಂತಾಯಿತು. ಅದೇ ಕಾಯಿಲೆಯಿಂದ ಗುಣವಾದ ಒಬ್ಬ ಮನುಷ್ಯ ಈ ಭೂಮಿಯ ಮೇಲಿದ್ದಾನೆ ಅಂತ ಮೊದಲ ಸಲ ಕೇಳಿದ್ದೆ. ಆ ಮಾವನ ಕಾಲು ಮುಟ್ಟಿ ಬರೋಣ ಅನ್ನಿಸಿತು.

“ಏನ್ ಸಾರ್ ಔಷಧಿ ಮಾಡಿದ್ರು?”

“ಮೂಲಂಗಿ ಕಣಯ್ಯಾ. ದಿನಾ ಬೆಳಗ್ಗೆ ಹಸಿ ಮೂಲಂಗಿ. ಮತ್ತೆ ಖಾರ ಮುಟ್ಟಲಿಲ್ಲ. ನೀನೂ ಗಟ್ಟಿ ಸ್ಟೂಲ್ ಮೇಲೆ ಕೂರಬೇಡ.”

ಕತ್ತಿನ ಗಂಟಿಗೂ ಕೂರುವ ಸ್ಟೂಲಿಗೂ ಏನು ಸಂಬಂಧ ಅಂತ ಯೋಚಿಸುತ್ತಾ ನನ್ನ ಜಾಗಕ್ಕೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಸ್ಟೋರ್ಸಿನಿಂದ ಒಂದು ಸ್ಪಂಜಿನ ದಿಂಬು ಬಂತು. ನಡುವೆ ತೂತು ಇತ್ತು. ಆಗ ತಿಳಿಯಿತು, ಸೂಪರ್‌ವೈಸರ್ ಹೇಳಿದ ‘ಅದು’ ಮೂಲವ್ಯಾಧಿ. ಹೋಗಿ ತಿದ್ದಿ ಹೇಳಬೇಕಾಗಿತ್ತು. ಹೇಳಲಿಲ್ಲ. ಯಾಕೆಂದರೆ ನಿಜವಾದ ಹೆಸರು ಹೇಳಿದ್ದರೆ ಅವರ ಮುಖ ಬಾಡುತ್ತಿತ್ತು. ಈಗ ನನ್ನನ್ನು ಕಂಡಾಗಲೆಲ್ಲ ನಗುತ್ತಾ “ಮೂಲಂಗಿ?” ಅನ್ನುತ್ತಿದ್ದರು.

ಪೇಡಾ

ಮೊದಲನೆಯ ವಾರ. ಬಾಟಲಿಯಲ್ಲಿದ್ದ ಔಷಧಿ ಗಾಢ ಕೆಂಪು ಬಣ್ಣದ್ದು. ದಾಸವಾಳದ ಹೂ ಹಿಂಡಿ ತುಂಬಿದ ಹಾಗೆ ಇತ್ತು. ಅದನ್ನು ಹತ್ತಿಸುತ್ತಿದ್ದ ಸಿಸ್ಟರ್ ಕೇರಳದ ಕಡೆಯವರು, ಬೆಂಗಳೂರಿಗೆ ಹೊಸಬರು. ಕನ್ನಡ ಇನ್ನೂ ಅರ್ಧ ದಾರಿಯಲ್ಲಿತ್ತು. ನನ್ನ ಹೆಂಡತಿಯನ್ನು ಕರೆದು, ಏನೋ ಬಹಳ ಮುಖ್ಯವಾದದ್ದನ್ನು ಹೇಳಿ, ಕೊನೆಗೆ ಕೈಯಾಡಿಸಿ “ಪೇಡಿಕ್ಕೇಂಡ, ಪೇಡಿಕ್ಕೇಂಡ” ಅಂದರು.

“ಏನಂತೆ?” ಅಂದೆ.

“ಪೇಡಾ ತಿನ್ನಬಾರದಂತೆ ರೀ. ಎರಡೆರಡು ಸಲ ಹೇಳಿದ್ರು.”

ಇಷ್ಟೊಂದು ತಿಂಡಿಗಳಿರುವಾಗ ಪೇಡಾದ ಮೇಲೆ ಯಾಕೆ ಸಿಟ್ಟು ಅಂತ ನನಗೆ ಅನ್ನಿಸಿತು. ಆದರೆ ದುರದೃಷ್ಟ ನೋಡಿ, ಅವತ್ತೇ ನನ್ನನ್ನು ನೋಡಲು ಬಂದಿದ್ದ ನೆಂಟರೊಬ್ಬರು ಧಾರವಾಡದ ಪೇಡಾ ತಂದಿಟ್ಟು ಹೋಗಿದ್ದರು. ಹೆಂಡತಿ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಬೇಡ ಅಂದಮೇಲೆ ನಾಲಿಗೆ ಕೇಳುತ್ತದೆಯೇ? ಅವಳು ಹಾಲು ತರಲು ಪಕ್ಕದಲ್ಲೇ ಇದ್ದ ನಮ್ಮ ಬಾಡಿಗೆ ಮನೆಯ ಓನರಮ್ಮನ ಹತ್ತಿರ ಹೋದಾಗ ಸ್ಟೂಲ್ ಹತ್ತಿ ಒಂದೇ ಒಂದು ಬಾಯಿಗೆ ಹಾಕಿಕೊಂಡೆ.

ಮಾರನೆಯ ಬೆಳಗ್ಗೆ ಬಚ್ಚಲಿಗೆ ಹೋದವನು ಗೋಡೆ ಹಿಡಿದುಕೊಂಡು ವಾಪಸ್ ಬಂದೆ. ಮೂತ್ರ ಕೆಂಪಗೆ ಬಂದಿತ್ತು. ಮುಗಿಯಿತು ನನ್ನ ಕಥೆ ಅಂದುಕೊಂಡು ಹೆಂಡತಿಯ ಕೈ ಹಿಡಿದು, “ನೋಡೇ, ನಾನು ಹೋದಮೇಲೆ ನೀನು ಧೈರ್ಯವಾಗಿರಬೇಕು. ಪೇಡಾ ತಿಂದ್ಬಿಟ್ಟೆ” ಅಂದೆ.

ಅವಳು ಅಳುತ್ತಾ, ಬೈಯುತ್ತಾ, ಆಟೋದಲ್ಲಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಿಸ್ಟರ್ ಎಲ್ಲವನ್ನೂ ಕೇಳಿ, ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಚಾರ್ಟಿನಿಂದಲೇ ಮುಚ್ಚಿಕೊಂಡು ನಕ್ಕರು. ಪಕ್ಕದಲ್ಲಿದ್ದ ಆಯಾ ಬಿಡಿಸಿ ಹೇಳಿದಳು: “ಔಷ್ದಿ ಕೆಂಪಗಿದೆಯಲ್ಲಣ್ಣ, ಅದಕ್ಕೇ ಕೆಂಪಗೆ ಹೋಗುತ್ತೆ. ಪೇಡಿಕ್ಕೇಂಡ ಅಂದ್ರೆ ಅವರ ಮಾತಲ್ಲಿ ಹೆದರ್ಬೇಡಿ ಅಂತ.”

ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೆ ಭಯವಾದರೂ ಒಂದು ಪೇಡಾ ಕೊಡುವ ಪದ್ಧತಿ ಬಂದಿದೆ.

ತುಕ್ಕು ಸಾರು

ಎರಡನೆಯ ವಾರಕ್ಕೆ ಬಾಯಿ ಕೆಟ್ಟಿತು. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ. ಹೆಂಡತಿ ಇಂಗು ಹಾಕಿ ಸಾರು ಮಾಡಿದರೆ ತುಕ್ಕು, ತೆಗೆದು ಇಟ್ಟು ಮಜ್ಜಿಗೆ ಕೊಟ್ಟರೆ ಅದೂ ತುಕ್ಕು. ಒಗ್ಗರಣೆ ಸಿಡಿದರೆ ಸಾಕು, ನಾನು ಮುಸುಕು ಹಾಕಿಕೊಂಡು ಮಲಗುತ್ತಿದ್ದೆ.

ಅಂಥದ್ದರಲ್ಲಿ ಒಂದು ದಿನ ಓನರಮ್ಮನ ಮನೆಯಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬಂತು. ಓನರಮ್ಮ ಮೂಲದಿಂದ ಬಾಗಲಗುಂಟೆಯವರೇ. ಸುತ್ತಲಿನ ಜಮೀನೆಲ್ಲ ಸೈಟಾದರೂ ಅವರ ಹಿತ್ತಲಲ್ಲಿ ಎರಡು ಹಸು, ಒಲೆಯ ಮೇಲೆ ಮುದ್ದೆ ತಪ್ಪಿರಲಿಲ್ಲ. ನಾನು ಎದ್ದು ಕೂತು “ಅದು ಸ್ವಲ್ಪ ಸಿಗುತ್ತಾ?” ಅಂದೆ. ಒಂದು ಮುದ್ದೆ, ಒಂದು ಬಟ್ಟಲು ಸಾರು ಪೂರ್ತಿ ಹೊಟ್ಟೆಗೆ ಹೋಯಿತು, ಅಲ್ಲೇ ಉಳಿಯಿತು ಕೂಡ.

ಓನರಮ್ಮನ ಹಿಗ್ಗು ಹೇಳತೀರದು. “ಅಂಗೇ ಇರ್ಲಿ ಬುಡವ್ವಾ, ದಿನಾ ನಾನೇ ಕಳುಸ್ತೀನಿ. ಇಂಥಾ ವೊತ್ನಾಗೆ ಅದೇನ್ ತಿಂತಾರೋ ಅದ್ನೇ ಕೊಡ್ಬೇಕು” ಅಂದರು. ನನ್ನ ಹೆಂಡತಿ ಮಾತ್ರ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡತೊಡಗಿದಳು. “ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ನನ್ನ ಸಾರು ತುಕ್ಕು. ಪಕ್ಕದ ಮನೇದು ಅಮೃತ.”

ನಾನು ಕಾಯಿಲೆಯವನ ಹಕ್ಕಿನಿಂದ ಸುಮ್ಮನಿದ್ದೆ. ವಾರವಿಡೀ ಓನರಮ್ಮನ ಹಿಂಡಾಲಿಯಂ ಡಬರಿಯಲ್ಲಿ ಸಾರು ಬರುತ್ತಲೇ ಇತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ, ಬೆರಳು ಚೀಪುತ್ತಾ, “ಏನೇ ಹೇಳು, ಹಳ್ಳಿಯವರ ಕೈರುಚಿ ಎಲ್ಲರಿಗೂ ಬರಲ್ಲ. ಇವತ್ತಂತೂ ಸಕ್ಕತ್ತಾಗಿತ್ತು” ಅಂದೆ.

ಅವಳು ಸೀದಾ ಕಾಂಪೌಂಡಿನ ಹತ್ತಿರ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಓನರಮ್ಮಾ, ನಾನು ಪಾಸಾದೆ ಕಣ್ರೀ! ಮೂರು ದಿನದಿಂದ ನಿಮ್ಮ ಡಬರೀಲಿ ನನ್ನ ಸಾರು, ಗೊತ್ತೇ ಆಗಿಲ್ಲ ಇವ್ರಿಗೆ!”

ಬಸ್ಸಿನಲ್ಲಿ ಸಿಕ್ಕ ಗೆಳೆಯ

ಎರಡನೆಯ ಬಾಟಲಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆವು. ಯಶವಂತಪುರ ದಾಟುವ ಹೊತ್ತಿಗೆ ನನ್ನ ಹೊಟ್ಟೆ ತಿರುಗತೊಡಗಿತು. ಹೆಂಡತಿ ಮುಂದಾಲೋಚನೆಯಿಂದ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿದ್ದಳು. ನಾನು ಅದರೊಳಗೆ ಮುಖ ಹಾಕಿದೆ. ಎದುರು ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು, “ಮಟಮಟ ಮಧ್ಯಾಹ್ನಾನೇ ಶುರು ಮಾಡ್ಕೋತಾರೆ. ಹೆಂಡ್ತೀನ ಬೇರೆ ಜೊತೇಲಿ ಕರ್ಕೊಂಡು ಬಂದಿದಾನೆ” ಅಂದಳು. ನನ್ನ ಹೆಂಡತಿ ಕೆಂಡವಾದಳು. ಆದರೆ ನಿಜ ಹೇಳಿದರೆ ಅಕ್ಕಪಕ್ಕದವರು ಎದ್ದು ದೂರ ಹೋಗುತ್ತಾರೆ ಅಂತ ತುಟಿ ಕಚ್ಚಿ ಕೂತಳು.

ನನ್ನ ಪಕ್ಕದಲ್ಲಿ ಒಬ್ಬ ನಿಜವಾದ ಕುಡುಕ ಕೂತಿದ್ದ. ಅವನಿಗೆ ಮಾತ್ರ ನನ್ನನ್ನು ನೋಡಿ ಕರುಳು ಚುರುಕ್ ಅಂದಿರಬೇಕು. ಬೆನ್ನು ಸವರುತ್ತಾ ಹೇಳಿದ:

“ಖಾಲಿ ಹೊಟ್ಟೇಲಿ ಹಾಕ್ಬಾರ್ದು ಗುರು. ಎಲ್ಲಿ ಹಾಕ್ದೆ?”

ನನಗೆ ಸುಳ್ಳು ಹೇಳುವಷ್ಟು ತ್ರಾಣವಿರಲಿಲ್ಲ. “ಆಸ್ಪತ್ರೇಲಿ” ಅಂದೆ.

“ಆಸ್ಪತ್ರೇಲಾ?” ಅವನು ನೆಟ್ಟಗೆ ಕೂತ. “ಆಸ್ಪತ್ರೇಲಿ ಕೊಡ್ತಾರಾ?”

“ಹೂಂ. ಮಲಗಿಸಿ, ಬಾಟ್ಲಿ ಮೇಲೆ ನೇತುಹಾಕಿ, ಸೀದಾ ನರಕ್ಕೆ ಬಿಡ್ತಾರೆ.”

“ಗ್ಲಾಸು ಗೀಸು ಏನೂ ಇಲ್ಲ?”

“ಇಲ್ಲ.”

“ಬೈಯಲ್ವಾ?”

“ಇಲ್ಲ. ಸಿಸ್ಟರ್ ಬಂದು ಬಂದು ಸರಿಯಾಗಿ ಇಳೀತಿದೆಯಾ ಅಂತ ನೋಡ್ತಿರ್ತಾರೆ.”

ಅವನ ಕಣ್ಣಲ್ಲಿ ನೀರು ತುಂಬಿತು. ನನ್ನ ಹೆಂಡತಿಯ ಕಡೆ ತಿರುಗಿ ಕೈ ಮುಗಿದು, “ಅಕ್ಕಾ, ಇಷ್ಟೆಲ್ಲಾ ಮಾಡ್ಸಿ ಜೊತೇಲಿ ಮನೇಗೂ ಕರ್ಕೊಂಡು ಹೋಗ್ತಿದ್ದೀರಲ್ಲಾ, ನಮ್ಮನೆಯವಳಿಗೆ ಸ್ವಲ್ಪ ಬುದ್ಧಿ ಹೇಳ್ತೀರಾ?” ಅಂದ.

ರಕ್ತ

ಈ ನಡುವೆ ಒಂದು ವಾರ ನಗುವಂಥದ್ದಾಗಿರಲಿಲ್ಲ. ಔಷಧಿಯಿಂದಾಗಿ ರಕ್ತದ ಅಂಶ ಇಳಿದುಹೋಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಬಾಯಿಯೆಲ್ಲ ಹುಣ್ಣು, ನೀರು ನುಂಗಲೂ ಆಗದು. ಸುದ್ದಿ ಕೇಳಿ ಅರಸೀಕೆರೆಯಿಂದ ಅಪ್ಪ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಎಪ್ಪತ್ತು ಕಳೆದಿದ್ದರೂ ನೆಟ್ಟಗಿನ ಬೆನ್ನು, ಸಿಟ್ಟಿನ ಮೂಗು. ನನ್ನ ಹಾಸಿಗೆಯ ಪಕ್ಕ ಕೂತು ನನ್ನ ಪಾದ ಒತ್ತುತ್ತಿದ್ದರು. ಹುಟ್ಟಿದಾಗಿನಿಂದ ಅವರು ನನ್ನ ಪಾದ ಮುಟ್ಟಿದ್ದು ನಾನು ಕಂಡಿರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಎಳೆಯ ಡಾಕ್ಟರೊಬ್ಬರು ಬಂದು ರಕ್ತ ಕೊಡುವವರು ಬೇಕು, ವಯಸ್ಸಾದವರದ್ದು ಆಗುವುದಿಲ್ಲ ಅಂದರು. ಅಪ್ಪ ಎದ್ದು ನಿಂತು ಅಂಗಿಯ ತೋಳು ಮಡಿಸಿದರು.

“ನಿಮ್ಮ ವಯಸ್ಸೆಷ್ಟು?”

“ಐವತ್ತು.”

ಡಾಕ್ಟರು ಅಪ್ಪನನ್ನು ನೋಡಿದರು, ಮಂಚಕ್ಕೆ ನೇತುಹಾಕಿದ್ದ ಹಾಳೆ ನೋಡಿದರು. “ಇಲ್ಲಿ ನಿಮ್ಮ ಮಗನಿಗೆ ನಲವತ್ತೊಂದು ಅಂತಿದೆಯಲ್ಲಾ. ನಿಮಗೆ ಒಂಬತ್ತು ವರ್ಷಕ್ಕೇ ಇವರು ಹುಟ್ಟಿದ್ರಾ?”

ಅಪ್ಪ ಒಂದಿಷ್ಟೂ ಅಳುಕದೆ ಹೇಳಿದರು: “ನಮ್ಮ ಕಾಲದಲ್ಲಿ ಬಾಲ್ಯವಿವಾಹ ಇತ್ತು ಡಾಕ್ಟ್ರೇ.”

ಬಿಫೋರ್ ಟೈಮ್

ಕೂದಲು ಉದುರಲು ಶುರುವಾದದ್ದು ಬಾಚಣಿಗೆಯಲ್ಲಿ. ಆಮೇಲೆ ದಿಂಬಿನ ಮೇಲೆ, ಆಮೇಲೆ ಅನ್ನದ ತಟ್ಟೆಯಲ್ಲಿ. ಜ್ವರ ಬಿಟ್ಟು ಮನೆಗೆ ಬಂದಮೇಲೆ ಅಲ್ಲೊಂದು ಇಲ್ಲೊಂದು ಉಳಿದಿದ್ದನ್ನು ನೋಡಲಾರದೆ ಕ್ಷೌರದವರನ್ನು ಕರೆಸಿ ನುಣ್ಣಗೆ ತೆಗೆಸಿದೆ. ಮೀಸೆಯೂ ಅರ್ಧ ಹೋಗಿದ್ದರಿಂದ ಅದನ್ನೂ ತೆಗೆಸಿದೆ. ತಲೆ ಬೋಳು, ಮೀಸೆ ಇಲ್ಲ. ನಮ್ಮ ಕಡೆ ಅದಕ್ಕೆ ಏನರ್ಥ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮಾತ್ರ ಅದು ಹೊಳೆಯಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ರಜೆಯ ವಿಷಯಕ್ಕೆ ಕಾರ್ಖಾನೆಯ ಗೇಟಿನವರೆಗೆ ಹೋಗಿದ್ದೆ. ಅಲ್ಲಿ ನಮ್ಮ ಯೂನಿಯನ್ ಲೀಡರ್ ಸಿಕ್ಕರು. ನನ್ನ ತಲೆ ನೋಡಿದವರೇ ಎರಡೂ ಕೈ ಹಿಡಿದುಕೊಂಡರು.

“ಯಾವಾಗ ಆಯ್ತು?”

“ಎರಡು ತಿಂಗಳಾಗ್ತಾ ಬಂತು.”

“ಛೆ. ನಮಗೆ ಒಂದು ಮಾತು ಹೇಳಲಿಲ್ಲ. ತುಂಬಾ ನೋವಿತ್ತಾ?”

“ಮೊದಲು ಏನೂ ಇರಲಿಲ್ಲ. ಸುಮ್ಮನೆ ಗಂಟು ಅಷ್ಟೇ.”

“ಪುಣ್ಯವಂತರು” ಅಂದರು. ಕಾಯಿಲೆಯವನಿಗೆ ಹೀಗೂ ಸಮಾಧಾನ ಹೇಳುತ್ತಾರೆ ಅಂದುಕೊಂಡು ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ಅವರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು. ನಾನು ಒಳಗೆ ಮಲಗಿದ್ದೆ. ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದವರು ಅಪ್ಪ. ಅವರನ್ನು ಇವರು ಯಾರೂ ಮೊದಲು ನೋಡಿರಲಿಲ್ಲ. ಕಿಟಕಿಯಿಂದ ನನಗೆ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

“ತಾವು ಚಿಕ್ಕಪ್ಪನವರಾ?” ಅಂದರು ಲೀಡರ್. ಉತ್ತರಕ್ಕೆ ಕಾಯದೆ ಮುಂದುವರಿಸಿದರು. ಮೈಕ್ ಮುಂದೆ ನಿಂತು ಅಭ್ಯಾಸವಾದವರು. “ದೊಡ್ಡ ಜೀವ ಹೋಯ್ತು ಸಾರ್. ಇವರ ತಂದೆ ಅಂದ್ರೆ ನಮಗೆಲ್ಲ ತಂದೆ ಇದ್ದ ಹಾಗೆ.”

ಅಪ್ಪನ ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಎದುರಿಗೆ ನಿಂತವನೊಬ್ಬನ ಕೈಯಲ್ಲಿ ಫೋಟೋಗೆ ಹಾಕಲು ತಂದ ಸೇವಂತಿಗೆ ಹಾರ ಇತ್ತು. ಅಪ್ಪನಿಗೆ ಅರ್ಥವಾಯಿತು ಅಂತ ಅವರು ಕೆಮ್ಮಿದ ರೀತಿಯಲ್ಲೇ ನನಗೆ ಗೊತ್ತಾಯಿತು.

“ಕೂತ್ಕೊಳ್ಳಿ. ನೀವು ಅವರನ್ನ ನೋಡಿದ್ರಾ?”

“ನೋಡದೆ ಏನ್ ಸಾರ್! ಎಂಥಾ ಶಾಂತ ಸ್ವಭಾವ!”

“ಸಿಟ್ಟು ಜಾಸ್ತಿ ಅಂತಾರಲ್ಲಾ ಜನ?”

“ಯಾರ್ ಸಾರ್ ಅಂದಿದ್ದು? ದೇವರಂಥಾ ಮನುಷ್ಯ. ಒಂದು ಇರುವೆಗೂ ಜೋರಾಗಿ ಮಾತಾಡಿದವರಲ್ಲ.”

“ಹೌದಾ? ಇನ್ನೂ ಸ್ವಲ್ಪ ಹೇಳಿ” ಅಂದರು ಅಪ್ಪ, ಕಾಲು ಮೇಲೆ ಕಾಲು ಹಾಕಿಕೊಂಡು.

ಲೀಡರ್ ಹೇಳುತ್ತಲೇ ಹೋದರು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು. ಅಷ್ಟರಲ್ಲಿ ನನ್ನ ಹೆಂಡತಿ ತಟ್ಟೆ ಹಿಡಿದು ಹೊರಗೆ ಬಂದು, “ಮಾವಾ, ನಿಮ್ಮ ಮಗನಿಗೂ ಇಲ್ಲೇ ಕೊಡ್ಲಾ ಕಾಫಿ?” ಅಂದಳು.

ಹಾರ ಹಿಡಿದವನು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಲೀಡರ್ ಎದ್ದವರು ಚಪ್ಪಲಿ ಹುಡುಕತೊಡಗಿದರು. ನಾನು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತೆ.

ಅಪ್ಪ ನನ್ನ ಬೋಳು ತಲೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅವರ ಕಡೆ ತಿರುಗಿ, ಅಪರೂಪದ ಮೆಲುದನಿಯಲ್ಲಿ ಹೇಳಿದರು:

“ಯಾಕ್ರೀ ಓಡ್ತೀರಿ? ಕೂತ್ಕೊಳ್ಳಿ. ನೀವು ಅಂದ್ಕೊಂಡಿರೋದೇ ಸರಿ. ಮೊದ್ಲು ನಾನು ಹೋಗ್ಬೇಕು, ಇವನು ತಲೆ ಬೋಳಿಸ್ಕೋಬೇಕು. ಈ ಕ್ರಮ ಒಂದು ತಪ್ಪದೇ ಇರಲಿ ಅಂತಲೇ ನಾನು ದಿನಾ ಬೇಡ್ಕೊಳ್ಳೋದು. ನಿಮ್ಮ ಗಾಡಿ ಬಿಫೋರ್ ಟೈಮ್ ಬಂದಿದೆ, ಅಷ್ಟೇ.”

ಮೊದಲು ನಕ್ಕವಳು ನನ್ನ ಹೆಂಡತಿ, ಅದೂ ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ಎಲ್ಲರೂ.

ಕ್ರಮ ತಪ್ಪಲಿಲ್ಲ. ಬಾಟಲಿಗಳು ಮುಗಿದವು, ಗಂಟು ಕರಗಿತು, ತಲೆಯಲ್ಲಿ ಕೂದಲು ಮೊದಲಿಗಿಂತ ಗುಂಗುರಾಗಿ ಬಂತು. ಬಹಳ ವರ್ಷಗಳಾದ ಮೇಲೆ ಅಪ್ಪ ನಿದ್ದೆಯಲ್ಲೇ ಹೋದರು. ಕಾರ್ಖಾನೆಗೆ ಹೇಳಿಕಳಿಸಿದೆ. ಎಲ್ಲರೂ ಬಂದರು, ಲೀಡರ್ ಮಾತ್ರ ಕಾಣಲಿಲ್ಲ. ನೋಡಿದರೆ ಮನೆಯ ಗೇಟಿನ ಹೊರಗೆ ನಿಂತಿದ್ದರು. ನನ್ನ ಹೆಂಡತಿಯನ್ನು ಕೈಸನ್ನೆ ಮಾಡಿ ಕರೆದು, ದನಿ ತಗ್ಗಿಸಿ ಕೇಳಿದರು:

“ಅಮ್ಮಾ, ತಪ್ಪು ತಿಳೀಬೇಡಿ. ಒಳಗೆ ಬಂದ್ಮೇಲೆ ನಿಮ್ಮ ಮಾವನವರೇ ಕೂತ್ಕೊಳ್ಳಿ ಅನ್ನಲ್ಲ ತಾನೇ?”