ಸೇವಂತಿಗೆಗೆ ತಲೆಸ್ನಾನ

ಬಣ್ಣದ ವಿಷಯದಲ್ಲಿ ತನಗೆ ಅಭಿರುಚಿ ಇಲ್ಲವೆಂದು ಒಪ್ಪಿಕೊಂಡ ಗಂಡಸನ್ನು ನಾನಿನ್ನೂ ನೋಡಿಲ್ಲ. ತನ್ನ ರುಮಾಲನ್ನು ನೆಟ್ಟಗೆ ಸುತ್ತಿಕೊಳ್ಳಲು ಬಾರದವನೂ ಹೆಂಡತಿ ಸೀರೆ ಆರಿಸುವಾಗ ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಾನೆ. ನಾನಂತೂ ನಿಜಾಮ ಸರ್ಕಾರದ ಶಾಲೆಯಲ್ಲಿ ಫಾರ್ಸಿ ಕಲಿಸುವ ಮಾಸ್ತರ. ಗುಲಾಬಿಯ ಮೇಲೆ ಎಷ್ಟು ಪದ್ಯ ಬೇಕಾದರೂ ಹೇಳಬಲ್ಲೆ. ಹೂ ಬಿಡದ ದಿನಗಳಲ್ಲಿ ಗುಲಾಬಿ ಗಿಡ ಯಾವುದು ತೋರಿಸಿ ಎಂದರೆ ಮಾತ್ರ, ಮುಳ್ಳು ಚುಚ್ಚಿದ ಮೇಲೆಯೇ ಹೇಳಬೇಕು.

ಕಲಬುರ್ಗಿಯ ಕೋಟೆಗೆ ಹತ್ತಿರ ನಮ್ಮ ಮನೆ. ಅಂಗಳ ದೊಡ್ಡದು, ಮಣ್ಣು ಕಪ್ಪು. ಆ ಕಪ್ಪು ನೆಲದ ತುಂಬ ಬರೀ ಬಿಳಿ ಹೂ ಅರಳಿದರೆ ಬೆಳದಿಂಗಳು ಚೆಲ್ಲಿದಂತೆ ಇರುತ್ತದೆ ಎಂದು ಊಟಕ್ಕೆ ಕೂತಾಗ ಹೆಂಡತಿ ಶರಣಮ್ಮನಿಗೆ ವರ್ಣಿಸಿದೆ. ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ಮನಿ ಮುಂದ ಬರೇ ಬಿಳಿ ಯಾಕ್ರೀ? ನೀವಿನ್ನ ಗಟ್ಟಿಮುಟ್ಟಾಗಿ ಇದ್ದೀರಲ್ಲ” ಅಂದಳು. ಆ ಮಾತಿನ ಮುಂದೆ ನನ್ನ ಬೆಳದಿಂಗಳು ನಿಲ್ಲಲಿಲ್ಲ.

ಶರಣಮ್ಮ ಕಮಲಾಪುರದವಳು. ಅಲ್ಲಿ ಮಣ್ಣೂ ಕೆಂಪು, ಬಾಳೆಹಣ್ಣೂ ಕೆಂಪು. ಬಣ್ಣಕ್ಕೆ ಹೆದರುವ ಜನ ಅಲ್ಲ. ತವರಿನಿಂದ ಒಂದು ಬಂಡಿ ಕೆಂಪು ಮಣ್ಣು ತರಿಸಿ ಪಾತಿಗಳಿಗೆ ಬೆರೆಸಿದಳು. ಅರಿಶಿನ ಬಣ್ಣದ ಸೇವಂತಿಗೆಯ ಪಕ್ಕದಲ್ಲೇ ನೇರಳೆ ಹಣ್ಣಿನಷ್ಟು ಗಾಢವಾದದ್ದನ್ನು ನೆಟ್ಟಳು. ಎರಡು ಬಣ್ಣ ಒಂದಕ್ಕೊಂದು ಹೊಡೆದಾಡುತ್ತವೆ ಎಂದು ಎಚ್ಚರಿಸಿದೆ. “ಹೊಡದಾಡ್ಲಿ ಬಿಡ್ರಿ. ಬಿಡಸಾಕ ನಡುವ ಒಂದು ಸಾಲು ಬಿಳಿ ಹಚ್ಚೀನಿ. ಅದು ನಿಮ್ಮ ಪಾಲಿಂದು” ಅಂದಳು. ಗೋಡೆಯ ಮೇಲೆ ನೀಲಿ ಶಂಖಪುಷ್ಪದ ಬಳ್ಳಿ ಹಬ್ಬಿಸಿ, ಅದರ ಕೆಳಗೆ ಬೆಂಕಿ ಬಣ್ಣದ ಅಬ್ಬಲಿಗೆ ಹಚ್ಚಿದಳು. ಮೊದಲ ಚಳಿಗಾಲದಲ್ಲಿ ಎಲ್ಲವೂ ಅರಳಿದ ಬೆಳಿಗ್ಗೆ, ಶಾಲೆಗೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಹಳದಿ ಅಷ್ಟು ಹಳದಿಯಾಗಿ ಕಾಣುತ್ತಿದ್ದುದು ಪಕ್ಕದ ನೇರಳೆಯ ದೆಸೆಯಿಂದ ಎಂಬುದು ಆಗ ನನ್ನ ತಲೆಗೆ ಹೋಯಿತು. ಶಾಲೆಗೆ ತಡವಾಯಿತು, ಕಾರಣ ಕೇಳಿದ ಹೆಡ್‌ಮಾಸ್ತರರಿಗೆ ಹೊಟ್ಟೆನೋವು ಎಂದೆ.

ನಡುಗೋಡೆಯ ಆಚೆಯಿಂದ ಇದನ್ನು ನೋಡಿದವರು ಪಕ್ಕದ ಮನೆಯ ಹಿರಿಯಾಕೆ ನಸೀಮಾ ಬೀ. ಶರಣಮ್ಮ ಅವರನ್ನು ಚಿಕ್ಕಮ್ಮನಂತೆ ಕಂಡು ಖಾಲಾ ಎಂದೇ ಕರೆಯುವುದು. “ಮಾಶಾಲ್ಲಾ ಬೇಟಿ, ಮಣ್ಣಾಗ ಬಣ್ಣದ ಜಮಖಾನಾ ಹಾಸೀದಿ” ಅಂದರಂತೆ. “ಮುಂದಿನ ಚಳಿಗಾಲಕ್ಕ ನಮ್ಮ ಹುಡುಗಿ ಶಾದಿ ಅದ. ವರ ನಿಮ್ಮ ಕಮಲಾಪುರದಾಂವನೇ. ಹೂವು ಬಜಾರದ್ದು ಬ್ಯಾಡ, ನಿನ್ನ ಕೈಯಾವೇ ಬೇಕು.” ಶರಣಮ್ಮ ಮಾತು ಕೊಟ್ಟಳು.

ಆ ಚಳಿಗಾಲ ಬಂತು, ಮದುವೆ ಹತ್ತಿರವಾಯಿತು, ಮೊಗ್ಗು ಕಟ್ಟಿದವು. ಜೊತೆಗೆ ಮೋಡ ಕವಿದು, ಮೊಗ್ಗಿನ ಕುತ್ತಿಗೆಗೆಲ್ಲ ಕರಿ ಹೇನು ಮುತ್ತಿದವು. ಎಳ್ಳು ಮೆತ್ತಿದ ಸಜ್ಜೆ ರೊಟ್ಟಿಯ ಹಾಗೆ ಒಂದು ಅಂಗುಲವೂ ಖಾಲಿ ಇಲ್ಲ. ಇರುವೆಗಳು ಸಾಲುಗಟ್ಟಿ ಮೇಲೇರುವುದನ್ನು ಕಂಡು, ಹೇನು ತಿನ್ನಲು ಹೊರಟ ಸಿಪಾಯಿಗಳೆಂದು ಬಗೆದು, ಬುಡಕ್ಕೆ ಬೆಲ್ಲದ ಪುಡಿ ಉದುರಿಸಿ ಹುರಿದುಂಬಿಸಿದೆ. ಗಂಡ ಹೆಂಡತಿ ಕುಕ್ಕರುಗಾಲಲ್ಲಿ ಕೂತು ಗಮನವಿಟ್ಟು ನೋಡಿದಾಗ ನಿಜ ತಿಳಿಯಿತು. ಅವು ಸಿಪಾಯಿಗಳಲ್ಲ, ದನಗಾಹಿಗಳು. ಹೇನು ಒಸರುವ ಸಿಹಿಯನ್ನು ಕುಡಿಯುತ್ತ ಅವುಗಳನ್ನೇ ಕಾಯುತ್ತಿದ್ದವು. ಶರಣಮ್ಮ ಒಲೆಯ ಬೂದಿ ಜರಡಿ ಹಿಡಿದು ಎರಚಿದಳು. “ನೋಡ್ರಿ, ಎಲ್ಲಾ ವಿಭೂತಿ ಹಚ್ಕೊಂಡು ಪೂಜಾಕ್ಕ ಕುಂತಾವ” ಎಂದು ತಾನೇ ನಕ್ಕಳು. ನಾನು ಹೊಗೆಸೊಪ್ಪು ಕುದಿಸಿ, ಹೆಚ್ಚು ಖಾರವಿದ್ದಷ್ಟೂ ಒಳ್ಳೆಯದೆಂದು ನೀರು ಬೆರೆಸದೆ ಹಾಗೇ ಚಿಮುಕಿಸಿದೆ. ಹೇನು ಎಷ್ಟು ಸತ್ತವೋ ಕಾಣೆ, ಬಿಳಿ ಸಾಲಿನ ಎಲೆಯೆಲ್ಲ ಮುರುಟಿತು.

ಅಂದು ಅವಳು ನಗಲಿಲ್ಲ. ಕಟ್ಟೆಯ ಮೇಲೆ ಕೂತು, “ಖಾಲಾಗ ಯಾವ ಮುಖದಿಂದ ಹೇಳ್ಲಿರೀ” ಅಂದಳು. ನಾನು ಉಳಿದ ಹೊಗೆಸೊಪ್ಪಿನ ನೀರನ್ನು ಒಯ್ದು ಬಚ್ಚಲಿಗೆ ಸುರಿದೆ.

ಮರುದಿನ ಬೆಳಿಗ್ಗೆ ಅವಳು ತಲೆಗೆ ಹಾಕಿಕೊಳ್ಳಲು ಅಂಟುವಾಳಕಾಯಿ ಕಿವುಚುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿ, “ತಲ್ಯಾಗ ಹೇನಾದ್ರ ಏನ್ ಮಾಡ್ತೀವ್ರಿ? ತಲಿ ತೊಳಿತೀವಿ” ಎಂದಳು. ಆ ನೊರೆನೀರನ್ನು ತೆಳ್ಳಗೆ ಮಾಡಿ, ಮೊದಲು ಒಂದೇ ಗಿಡಕ್ಕೆ ಹಾಕಿ, ಸಂಜೆಯವರೆಗೆ ಕಾದು ನೋಡಿದಳು. ಎಲೆ ಸುಡಲಿಲ್ಲ, ಹೇನು ಉದುರಿದ್ದವು. ಆಮೇಲೆ ಅಂಗಳಕ್ಕೆಲ್ಲ ತಲೆಸ್ನಾನ. ಸುದ್ದಿ ತಿಳಿದು ನಸೀಮಾ ಬೀ ತಾವೂ ಬರುವೆನೆಂದರು. ಪರದೆಯವರು ಬರಬೇಕಾದರೆ ಗಂಡಸು ಇರುವಂತಿಲ್ಲ. ನಾನು ಬೀದಿಗೆ ಹೋಗಿ ಬೇವಿನ ಮರದ ಕೆಳಗೆ ಕೂತೆ. ಒಳಗಿಂದ ನೀರಿನ ಸದ್ದು, ನಡುನಡುವೆ ಇಬ್ಬರ ನಗು. “ಈ ಮೊಗ್ಗಿಗೆ ಜಡಿ ಹಾಕ್ಲೇನು ಬೇಟಿ” ಎಂದು ಬೀ ಕೇಳುವುದೂ ಕೇಳಿಸಿತು. ಹೀಗೆ ಮೋಡ ಸರಿಯುವವರೆಗೂ ನಡೆಯಿತು.

ಮದುವೆಯ ದಿನ ಎಂಥ ಹೂ ಬಂದವೆನ್ನುತ್ತೀರಿ! ಬಾಗಿಲಿಗೆ ಶರಣಮ್ಮ ಹಳದಿಯ ತೋರಣ ಕಟ್ಟಿ ಅಂಚಿಗಷ್ಟೇ ನೇರಳೆ ಕೊಟ್ಟಳು. ವರನ ಮುಖದ ಮೇಲೆ ಇಳಿಬಿಡುವ ಸೆಹರಾಕ್ಕೆ ಬಿಳಿ ಹೂ ಸಾಲದಾದಾಗ ಎಳೆ ಹಳದಿ ಮೊಗ್ಗುಗಳನ್ನು ಸೇರಿಸಿದಳು; ಆ ಕೊರತೆಯೇ ಚೆಂದವೆಂದು ಎಲ್ಲರೂ ಹೊಗಳಿದರು. ಕೊರತೆಗೆ ಕಾರಣನಾದವನು ಮೂಲೆಯಲ್ಲಿ ಬಿರಿಯಾನಿಯ ವಾಸನೆಯಿಂದ ದೂರ ಕೂತು ಶರಬತ್ತು ಕುಡಿಯುತ್ತಿದ್ದ.

ವರನ ತಾಯಿಗೆ ಆ ಬಣ್ಣಗಳು ಎಷ್ಟು ಹಿಡಿಸಿದವೆಂದರೆ, ಕಮಲಾಪುರದ ತಮ್ಮ ಅಂಗಳಕ್ಕೂ ಹೀಗೇ ಹಚ್ಚಿಕೊಡಬೇಕೆಂದು ಬಂಡಿ ಕಳಿಸಿದರು. ನಾನೂ ಹೊರಡಲು ರುಮಾಲು ಸುತ್ತಿದೆ. “ನೀವು ಇಲ್ಲೇ ಇರ್ರಿ, ಗಿಡಕ್ಕ ನೀರು ಹಾಕಾಕ ಒಬ್ಬರು ಬೇಕಲ್ಲ” ಎಂದು ಶರಣಮ್ಮ ಬಂಡಿ ಹತ್ತಿದಳು.

ನಿನ್ನೆ ಮಂಡಿಯವರೆಗೆ ಕೆಸರು ಮಾಡಿಕೊಂಡು ನೀರು ಹಾಕುತ್ತಿದ್ದೆ. ದಾರಿಹೋಕನೊಬ್ಬ ನಿಂತು ತೋಟವನ್ನೆಲ್ಲ ಕಣ್ತುಂಬ ನೋಡಿ, “ಮಾಲೀ, ಇದನ್ನ ಹಚ್ಚಿದ ಅಮ್ಮಾರ ಸುದ್ದಿ ಮದುವ್ಯಾಗ ಕೇಳಿದ್ದೆ, ಮನ್ಯಾಗ ಅದಾರೇನು?” ಎಂದು ಕೇಳಿದ. ಊರಿಗೆ ಹೋಗಿದ್ದಾರೆ ಎಂದೆ. ನಾನು ಮಾಸ್ತರನೆಂದು ಮಾತ್ರ ಹೇಳಲಿಲ್ಲ. ನೋಡಿದ ತಕ್ಷಣ ನನಗೆ ಗಿಡದ ಕೆಲಸ ಬರುತ್ತದೆಂದು ನಂಬಿದ ಮೊದಲನೆಯ ಮನುಷ್ಯ ಅವನು. ಅವನ ಮನಸ್ಸು ಏಕೆ ಕೆಡಿಸಲಿ?